ಒದ್ದೆ ಮಣ್ಣಿನಲ್ಲೇ ಬಾಡುವ ಬಳ್ಳಿ: ಬೇರುಕೊಳೆ ರೋಗ ಅರ್ಥ ಮಾಡಿಕೊಳ್ಳೋಣ

ಎಲೆಬಳ್ಳಿ, ಅಂದರೆ ವೀಳ್ಯದೆಲೆಯ ಬಳ್ಳಿ, ಬಾಡಿದೆ. ಎಲೆಯ ಹೊಳಪು ಹೋಗಿ ಮಂಕಾಗಿದೆ, ತುದಿ ಜೋತು ಬಿದ್ದಿದೆ. ಬುಡಕ್ಕೆ ಕೈ ಹಾಕಿದರೆ ಮಣ್ಣು ಒದ್ದೆ. ದಾವಣಗೆರೆ, ಹರಿಹರ, ಚನ್ನಗಿರಿ ಕಡೆ ಎಲೆತೋಟ ಮಾಡಿದವರು ಮಳೆಗಾಲದಲ್ಲಿ ಇದನ್ನು ನೋಡಿಯೇ ಇರುತ್ತಾರೆ. ಅಡಿಕೆ ಮರಕ್ಕೆ ಮೆಣಸು ಹಬ್ಬಿಸಿದವರೂ ನೋಡಿರುತ್ತಾರೆ. ಪಕ್ಕದ ತೋಟದವರು ಬದುವಿನ ಮೇಲೆ ನಿಂತು, "ಬಳ್ಳಿ ಬಾಡೇತಲ್ಲಣ್ಣಾ, ಒಂದು ನೀರು ಹೆಚ್ಗೆ ಬಿಡು" ಅಂತಾರೆ. ಒಳ್ಳೇ ಮನಸ್ಸಿನಿಂದಲೇ ಹೇಳುವ ಮಾತು. ಆದರೆ ಆ ಒಂದು ಹೆಚ್ಚಿನ ನೀರು ಎಷ್ಟೋ ತೋಟಗಳನ್ನು ಮುಗಿಸಿದೆ.

ಬಾಡಿದ ಗಿಡಕ್ಕೆ ನೀರು ಕೊಡುವ ಮುಂಚೆ ಅದರ ಬೇರು ನೋಡಬೇಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಯಾಕೆ ನೋಡಬೇಕು ಅನ್ನುವುದು ತಿಳಿಯಬೇಕಾದರೆ ಮಣ್ಣಿನ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು.

ಬೇರು ಉಸಿರಾಡುತ್ತದೆ. ನೀರು ಹೀರುವ ಕೆಲಸಕ್ಕೆ ಅದಕ್ಕೆ ಶಕ್ತಿ ಬೇಕು, ಶಕ್ತಿಗೆ ಆಮ್ಲಜನಕ ಬೇಕು. ಆ ಆಮ್ಲಜನಕ ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಇರುವ ಗಾಳಿಯಿಂದ ಬರುತ್ತದೆ. ನೀರು ನಿಂತರೆ ಆ ಸಂದುಗಳು ತುಂಬಿಹೋಗುತ್ತವೆ. ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಗಿಂತ ಸುಮಾರು 10,000 ಪಟ್ಟು ಕಡಿಮೆ. ಅಂದರೆ ಮೇಲಿನಿಂದ ಹೊಸ ಗಾಳಿ ಇಳಿಯುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಇದ್ದ ಆಮ್ಲಜನಕವನ್ನು ಬೇರು ಮತ್ತು ಮಣ್ಣಿನ ಜೀವಿಗಳು ಬೇಗ ಮುಗಿಸಿಬಿಡುತ್ತವೆ. ಮಣ್ಣು ಬೆಚ್ಚಗಿದ್ದರೆ ಇನ್ನೂ ಬೇಗ. ಉಸಿರು ಕಟ್ಟಿದ ಬೇರು ನೀರಿನ ನಡುವೆಯೇ ಇದ್ದರೂ ನೀರು ಎಳೆದುಕೊಳ್ಳಲಾರದು. ಮೇಲೆ ಎಲೆ ಬಾಡುತ್ತದೆ. ನೋಡುವವರಿಗೆ ಅದು ಬಾಯಾರಿಕೆಯ ಹಾಗೇ ಕಾಣುತ್ತದೆ, ಯಾಕೆಂದರೆ ಎಲೆಯ ಮಟ್ಟಿಗೆ ಅದು ನಿಜಕ್ಕೂ ಬಾಯಾರಿಕೆಯೇ.

ಬರೀ ಇಷ್ಟೇ ಆಗಿದ್ದರೆ ನೀರು ಬಸಿದ ಮೇಲೆ ಗಿಡ ಚೇತರಿಸಿಕೊಳ್ಳುತ್ತಿತ್ತು. ಕೊಳೆ ಅಂಟಿಸುವ ಜೀವಿ ಬೇರೆಯೇ ಇದೆ. ಅದರ ಹೆಸರು ಫೈಟಾಫ್ತೊರಾ. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ನಾಶವಾಗಿ ಲಕ್ಷಾಂತರ ಜನ ಸತ್ತರಲ್ಲ, ಅದರ ಹಿಂದೆ ಇದ್ದದ್ದು ಇದೇ ಕುಲದ ಒಂದು ಜಾತಿ. 1876ರಲ್ಲಿ ಜರ್ಮನಿಯ ವಿಜ್ಞಾನಿ ಆಂಟನ್ ಡಿ ಬಾರಿ ಈ ಕುಲಕ್ಕೆ ಹೆಸರಿಟ್ಟರು. ಮಲೆನಾಡಿನ ಅಡಿಕೆಯ ಕೊಳೆರೋಗವೂ ಇದರದ್ದೇ ಕೆಲಸ. ಮೆಣಸಿನ ಬಳ್ಳಿಯ ಶೀಘ್ರ ಸೊರಗು ರೋಗವೂ ಹೌದು, ಎಲೆಬಳ್ಳಿಯ ಬುಡಕೊಳೆಯೂ ಹೌದು. ಜಾತಿಗಳು ಬೇರೆ ಬೇರೆ, ಕುಲ ಒಂದೇ.

ನಾವು ಇದನ್ನು ಶಿಲೀಂಧ್ರ ಅಂತ ಕರೆದು ಅಭ್ಯಾಸ. ನೋಡಲೂ ಬೂಷ್ಟಿನ ಹಾಗೇ ಎಳೆ ಎಳೆಯಾಗಿರುತ್ತದೆ. ಆದರೆ ಇದು ನಿಜವಾದ ಶಿಲೀಂಧ್ರ ಅಲ್ಲ. ಸಂಬಂಧದಲ್ಲಿ ಇದು ಸಮುದ್ರದ ಕಂದು ಪಾಚಿಗಳಿಗೆ ಹತ್ತಿರ. ಇದರ ಮೈಗೋಡೆ ಹೆಚ್ಚಾಗಿ ಸೆಲ್ಯುಲೋಸ್ ಮತ್ತು ಅದರಂಥ ವಸ್ತುಗಳಿಂದ ಆಗಿದೆ. ಶಿಲೀಂಧ್ರಗಳ ಗೋಡೆಯಲ್ಲಿ ಮುಖ್ಯವಾಗಿರುವ ಕೈಟಿನ್ ಇದಕ್ಕೆ ಮುಖ್ಯವಲ್ಲ. ಇದು ಪುಸ್ತಕದ ಮಾತು ಅನ್ನಿಸಬಹುದು. ಆದರೆ ಔಷಧಿ ಅಂಗಡಿಯಲ್ಲಿ ನಿಮ್ಮ ದುಡ್ಡು ಉಳಿಯುವುದೋ ಹೋಗುವುದೋ ಅನ್ನುವುದು ಇದರ ಮೇಲೇ ನಿಂತಿದೆ. ಅದಕ್ಕೆ ಮುಂದೆ ಬರುತ್ತೇನೆ.

ಪಾಚಿಯ ಕಡೆಯ ನೆಂಟನಾದ್ದರಿಂದ ಇದಕ್ಕೆ ನೀರು ಅಂದರೆ ದಾರಿ. ಮಣ್ಣು ಪೂರ್ತಿ ನೆನೆದಾಗ ಇದು ಚಿಕ್ಕ ಚಿಕ್ಕ ಬೀಜಚೀಲಗಳನ್ನು ಬಿಡುತ್ತದೆ. ಒಂದೊಂದು ಚೀಲದಿಂದ ಹತ್ತಾರು ಈಜುಬೀಜಗಳು ಹೊರಬರುತ್ತವೆ. ಒಂದರ ಅಗಲ ಮಿಲಿಮೀಟರಿನ ನೂರರಲ್ಲಿ ಒಂದು ಭಾಗದಷ್ಟು. ಪ್ರತಿಯೊಂದಕ್ಕೂ ಎರಡು ಬಾಲ. ಆ ಬಾಲ ಬಡಿಯುತ್ತಾ ಮಣ್ಣಿನ ಸಂದಿನ ನೀರಿನಲ್ಲಿ ಅವು ಈಜುತ್ತವೆ. ಎತ್ತ ಹೋಗಬೇಕು ಅನ್ನುವುದೂ ಅವಕ್ಕೆ ಗೊತ್ತಾಗುತ್ತದೆ. ಎಳೆ ಬೇರಿನ ತುದಿ ಸಕ್ಕರೆ, ಅಮೈನೋ ಆಮ್ಲಗಳನ್ನು ಸ್ವಲ್ಪ ಸ್ವಲ್ಪ ಸೋರಿಸುತ್ತಿರುತ್ತದೆ. ಅದರ ಜಾಡು ಹಿಡಿದು ಅವು ಬೇರಿಗೆ ಬರುತ್ತವೆ. ಇನ್ನೊಂದು ವಿಷಯ ಕೇಳಿ: ಉಸಿರು ಕಟ್ಟಿದ ಬೇರು ಒಳಗೇ ಮದ್ಯಸಾರ ತಯಾರಿಸಿ ಹೊರಗೆ ಬಿಡುತ್ತದೆ, ಆ ವಾಸನೆಯೂ ಈಜುಬೀಜಗಳನ್ನು ಸೆಳೆಯುತ್ತದೆ. ಅಂದರೆ ನಿಂತ ನೀರು ಬೇರನ್ನು ಸುಸ್ತು ಮಾಡುತ್ತದೆ, ಶತ್ರುವಿಗೆ ದಾರಿ ಮಾಡಿಕೊಡುತ್ತದೆ, ಜೊತೆಗೆ ವಿಳಾಸವನ್ನೂ ಕೊಡುತ್ತದೆ.

ಬೇರು ಮುಟ್ಟಿದ ಈಜುಬೀಜ ಬಾಲ ಕಳಚಿ, ಗುಂಡಗೆ ಅಂಟಿಕೊಂಡು ಮೊಳಕೆ ಒಡೆಯುತ್ತದೆ. ಗಂಟೆಗಳ ಲೆಕ್ಕದಲ್ಲಿ ಒಳಗೆ ಇಳಿದಿರುತ್ತದೆ. ಕೆಲವೇ ದಿನಗಳಲ್ಲಿ ಕೊಳೆತ ಬೇರಿನಿಂದ ಹೊಸ ಬೀಜಚೀಲಗಳು ಬರುತ್ತವೆ. ತಾನಾಗಿ ಈಜಿದರೆ ಅದು ಹೆಚ್ಚು ದೂರ ಹೋಗಲಾರದು. ಆದರೆ ಸಾಲಿನಲ್ಲಿ ಹರಿಯುವ ನೀರು ಅದನ್ನು ತೋಟದ ಆ ಕೊನೆಗೆ ಹೊತ್ತೊಯ್ಯುತ್ತದೆ. ಮಣ್ಣು ಒಣಗಿದರೆ ದಪ್ಪ ಗೋಡೆಯ ಬೀಜವಾಗಿ ಸುಮ್ಮನೆ ಮಲಗುತ್ತದೆ. ವರ್ಷಗಟ್ಟಲೆ ಹಾಗೇ ಇರಬಲ್ಲದು.

ವಿಜ್ಞಾನಿಗಳು ಈ ರೋಗವನ್ನು ತುಂಬಾ ಆಳವಾಗಿ ಅಭ್ಯಾಸ ಮಾಡಿರುವ ಬೆಳೆಗಳಲ್ಲಿ ರಾಸ್ಪ್‌ಬೆರಿ ಒಂದು. ನಮ್ಮ ಬಯಲುಸೀಮೆಗೂ ಅದಕ್ಕೂ ಸಂಬಂಧ ಇಲ್ಲ, ಅದು ಚಳಿ ನಾಡಿನ ಹಣ್ಣು. ಅಮೆರಿಕದ ವಾಷಿಂಗ್ಟನ್, ಆರೆಗಾನ್ ರಾಜ್ಯಗಳಲ್ಲಿ ಮತ್ತು ಸ್ಕಾಟ್ಲೆಂಡಿನಲ್ಲಿ ದೊಡ್ಡದಾಗಿ ಬೆಳೆಯುತ್ತಾರೆ. ಅಲ್ಲಿನ ಬೇರುಕೊಳೆಗೆ ಮುಖ್ಯ ಕಾರಣ ಫೈಟಾಫ್ತೊರಾ ರೂಬಿ. ರಾಸ್ಪ್‌ಬೆರಿಯ ಕಡ್ಡಿ ಸಾಮಾನ್ಯವಾಗಿ ಮೊದಲ ವರ್ಷ ಬೆಳೆದು, ಎರಡನೇ ವರ್ಷ ಹಣ್ಣು ಬಿಡುತ್ತದೆ. ಬೇರು ಅರ್ಧ ಕೊಳೆತಿದ್ದರೂ ಕಡ್ಡಿ ಹೇಗೋ ಎಳೆದಾಡಿಕೊಂಡು ಬರುತ್ತದೆ. ಹಣ್ಣು ತುಂಬುವ ಹೊತ್ತಿಗೆ, ಬಿಸಿಲೂ ಏರಿದಾಗ, ಬೇಕಾದಷ್ಟು ನೀರು ಮೇಲೆ ಬರದೆ ಒಂದೇ ಸಲ ಕುಸಿಯುತ್ತದೆ. ರೈತ ಬಿಸಿಲನ್ನು ಬೈಯುತ್ತಾನೆ. ರೋಗ ಬಂದದ್ದು ಅದಕ್ಕೂ ಎಷ್ಟೋ ಮುಂಚಿನ ಮಳೆಯಲ್ಲಿ. ನಮ್ಮ ಮೆಣಸಿನ ಬಳ್ಳಿಯಲ್ಲೂ ಮುಂಗಾರಿನಲ್ಲಿ ಬೇರು ಕಳೆದುಕೊಂಡದ್ದು ಎಷ್ಟೋ ಸಲ ಮಳೆ ನಿಂತು ಬಿಸಿಲು ಬಿದ್ದ ಮೇಲೆ ಕಾಣುತ್ತದೆ. ಅದಕ್ಕೇ ಬಾಡಿದ ದಿನಕ್ಕೂ ರೋಗ ಹತ್ತಿದ ದಿನಕ್ಕೂ ನಡುವೆ ಅಂತರ ಇರುತ್ತದೆ ಅನ್ನುವುದನ್ನು ನೆನಪಿಡಬೇಕು.

ರಾಸ್ಪ್‌ಬೆರಿ ಬೆಳೆಯುವವರು ಕಲಿತ ಪಾಠ ನಮಗೂ ಬೇಕಾದದ್ದೇ. ತಗ್ಗಿನಲ್ಲಿ ನೆಡುವುದನ್ನು ಬಿಟ್ಟು ಏರುಮಡಿ ಮಾಡಿದರು. ಜಿಗುಟು ಮಣ್ಣಿಗೆ ಜಿಪ್ಸಂ ಹಾಕಿದರು. ರೋಗ ತಡೆಯುವ ತಳಿ ಆರಿಸಿದರು. ಔಷಧಿ ಹಾಕಿದರೂ ಅದನ್ನೇ ನಂಬಿ ಕೂರಲಿಲ್ಲ.

ಈಗ ನಮ್ಮ ತೋಟಕ್ಕೆ ಬರೋಣ. ಬೇರು ನೋಡುವುದು ಹೇಗೆ? ಪೂರ್ತಿ ಸತ್ತ ಬಳ್ಳಿಯನ್ನು ಕಿತ್ತರೆ ಹೆಚ್ಚೇನೂ ಗೊತ್ತಾಗದು, ಅದರಲ್ಲಿ ಆಗಲೇ ಹತ್ತು ಬಗೆಯ ಹುಳ, ಬೂಷ್ಟು ಸೇರಿಕೊಂಡಿರುತ್ತವೆ. ಈಗಷ್ಟೇ ಬಾಡಲು ಶುರುವಾದ ಬಳ್ಳಿ ಹಿಡಿಯಿರಿ. ಬುಡದಿಂದ ಒಂದು ಗೇಣು ದೂರದಲ್ಲಿ ಸಣ್ಣ ಕೈಗುದ್ದಲಿಯಿಂದ ಮಣ್ಣು ಸಡಿಲಿಸಿ, ಸಣ್ಣ ಬೇರುಗಳು ಸಿಗುವ ತನಕ ಬೆರಳಿನಿಂದ ಬಿಡಿಸಿ. ಒಂದು ಬೇರು ತೆಗೆದು ನೀರಿನಲ್ಲಿ ತೊಳೆಯಿರಿ. ಆರೋಗ್ಯವಾದ ಬೇರು ಬೆಳ್ಳಗೆ ಅಥವಾ ತಿಳಿ ಕಂದಾಗಿ, ಗಟ್ಟಿಯಾಗಿ ಇರುತ್ತದೆ. ಉಗುರಿನಿಂದ ಹಿಡಿದು ಎಳೆದರೆ ಪಟ್ಟನೆ ತುಂಡಾಗುತ್ತದೆ. ಕೊಳೆತ ಬೇರು ಕಪ್ಪಗೆ, ಮೆತ್ತಗೆ, ಲೋಳೆ ಲೋಳೆಯಾಗಿರುತ್ತದೆ. ಎಳೆದರೆ ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ ಜಾರಿದ ಹಾಗೆ ಮೇಲಿನ ಸಿಪ್ಪೆ ಕಳಚಿ ಬರುತ್ತದೆ, ಒಳಗಿನ ನಾರು ಮಾತ್ರ ಕೈಯಲ್ಲಿ ಉಳಿಯುತ್ತದೆ. ಮೂಗಿನ ಹತ್ತಿರ ಹಿಡಿದರೆ ಕೊಳೆತ ವಾಸನೆ. ಇನ್ನೂ ಒಂದು ಗುರುತು: ಕೂದಲಿನಂಥ ಸಣ್ಣ ಬೇರುಗಳು ಇರುವುದೇ ಇಲ್ಲ. ದಪ್ಪ ಬೇರುಗಳಷ್ಟೇ ಬೋಳಾಗಿ ಉಳಿದಿರುತ್ತವೆ.

ಬುಡದಲ್ಲಿ ಹತ್ತಿಯಂತೆ ಬೆಳ್ಳಗೆ ಹರಡಿ, ಅದರ ಮೇಲೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು ಕಂಡರೆ ಅದು ಫೈಟಾಫ್ತೊರಾ ಅಲ್ಲ. ಅದು ಸ್ಕ್ಲೆರೋಷಿಯಂ ಅನ್ನುವ ನಿಜವಾದ ಶಿಲೀಂಧ್ರ. ಅದೂ ಎಲೆತೋಟಕ್ಕೆ ಬರುತ್ತದೆ, ಆದರೆ ಅದರ ಮದ್ದು ಬೇರೆ.

ಬಳ್ಳಿಯ ಮೇಲೂ ಸುಳಿವು ಸಿಗುತ್ತದೆ. ನಿಜವಾದ ಬಾಯಾರಿಕೆ ಆಗಿದ್ದರೆ ಮಧ್ಯಾಹ್ನ ಜೋತ ಎಲೆ ಸಂಜೆ ತಂಪಿಗೆ, ಇಲ್ಲವೇ ನೀರು ಕೊಟ್ಟ ಮೇಲೆ ಎದ್ದು ನಿಲ್ಲುತ್ತದೆ. ಬೇರುಕೊಳೆ ಆಗಿದ್ದರೆ ಬೆಳಿಗ್ಗೆಯೂ ಜೋತೇ ಇರುತ್ತದೆ. ತೋಟದ ನಕ್ಷೆಯನ್ನೂ ನೋಡಿ. ಬಾಡಿದ ಬಳ್ಳಿಗಳು ಎಲ್ಲಿವೆ? ತಗ್ಗಿನಲ್ಲಾ? ನೀರು ಹರಿಯುವ ಸಾಲಿನ ಉದ್ದಕ್ಕಾ? ಬಾಡುವುದು ನೀರಿನ ದಾರಿಯಲ್ಲೇ ಮುಂದುವರಿಯುತ್ತಿದ್ದರೆ ಅನುಮಾನ ಬಲವಾಗುತ್ತದೆ.

ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಈ ರೋಗಕ್ಕೆ ಇನ್ನೊಂದು ಅನುಕೂಲ ಇದೆ, ಅದರ ಬಗ್ಗೆ ಜನ ಮಾತಾಡುವುದು ಕಡಿಮೆ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಎಷ್ಟೋ ಭತ್ತದ ಗದ್ದೆಗಳು ಅಡಿಕೆ ತೋಟ ಆಗಿವೆ. ಭತ್ತಕ್ಕೆ ವರ್ಷ ವರ್ಷ ಕೆಸರು ಮಾಡಿದ ನೆಲದಲ್ಲಿ, ಮೇಲಿನ ಮಣ್ಣಿನ ಕೆಳಗೆ, ಹೆಚ್ಚುಕಡಿಮೆ ಅರ್ಧ ಅಡಿಯಿಂದ ಮುಕ್ಕಾಲು ಅಡಿ ಆಳದಲ್ಲಿ, ಒಂದು ಗಟ್ಟಿ ಪದರ ಕೂತಿರುತ್ತದೆ. ಭತ್ತಕ್ಕೆ ಅದು ಬೇಕಿತ್ತು, ನೀರು ಇಂಗದೆ ನಿಲ್ಲಬೇಕಿತ್ತು. ಅದೇ ಜಾಗದಲ್ಲಿ ಗುಂಡಿ ತೆಗೆದು ಅಡಿಕೆ ನೆಟ್ಟು, ಅದಕ್ಕೆ ಮೆಣಸು ಹಬ್ಬಿಸಿದರೆ ಮೆಣಸಿನ ಬೇರು ಹೆಚ್ಚಾಗಿ ಹರಡುವುದು ಆ ಪದರದ ಮೇಲಿನ ಮಣ್ಣಿನಲ್ಲೇ. ಮಳೆ ಬಂದಾಗ ನೀರು ನಿಲ್ಲುವುದೂ ಅಲ್ಲೇ. ಪಕ್ಕದ ಗದ್ದೆಯಲ್ಲಿ ಇನ್ನೂ ಭತ್ತ ಇದ್ದರೆ ಅಲ್ಲಿನ ನೀರು ಬದುವಿನ ಕೆಳಗಿಂದ ತೋಟಕ್ಕೆ ಜಿನುಗುತ್ತದೆ. ಎರೆಮಣ್ಣಾದರೆ ಇನ್ನೂ ಕಷ್ಟ. ನೆನೆದಾಗ ಅದು ಉಬ್ಬಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣಿನ ಭೂಮಿಯವರು ಈ ವಿಷಯದಲ್ಲಿ ಸ್ವಲ್ಪ ಪುಣ್ಯವಂತರು.

ನಿಮ್ಮ ನೆಲ ಎಷ್ಟು ಬಸಿಯುತ್ತದೆ ಅಂತ ನೋಡಲು ಲ್ಯಾಬ್ ಬೇಕಿಲ್ಲ. ಒಂದು ಅಡಿ ಆಳ, ಒಂದು ಅಡಿ ಅಗಲದ ಗುಂಡಿ ತೆಗೆದು ನೀರು ತುಂಬಿಸಿ, ಇಂಗಲು ಬಿಡಿ. ಮತ್ತೆ ತುಂಬಿಸಿ, ಒಂದು ಕೋಲು ನೆಟ್ಟು ಗುರುತು ಮಾಡಿ. ಈ ಎರಡನೇ ಸಲದ ನೀರು ಗಂಟೆಗೆ ಒಂದು ಇಂಚಾದರೂ ಇಳಿಯಬೇಕು. ಅದಕ್ಕಿಂತ ಕಡಿಮೆ ಇಳಿದರೆ ಅಲ್ಲಿ ಮೆಣಸನ್ನೋ ಎಲೆಬಳ್ಳಿಯನ್ನೋ ನೆಡುವ ಮುಂಚೆ ಬಸಿಗಾಲುವೆಯ ಬಗ್ಗೆ ಯೋಚಿಸಬೇಕು. ಬಸಿಗಾಲುವೆ ಗಟ್ಟಿ ಪದರಕ್ಕಿಂತ ಆಳಕ್ಕೆ ಹೋಗಬೇಕು. ಅದರ ಮೇಲೇ ನಿಂತ ಕಾಲುವೆ ನೋಡಲು ಚೆಂದ ಅಷ್ಟೇ, ನೀರು ಬಸಿಯುವುದಿಲ್ಲ. ಕಾಲುವೆಯ ನೀರು ತೋಟದಿಂದ ಹೊರಗೆ ಹೋಗಲು ದಾರಿಯೂ ಇರಬೇಕು. ಎಷ್ಟೋ ತೋಟಗಳಲ್ಲಿ ಕಾಲುವೆ ತೆಗೆದಿರುತ್ತಾರೆ, ಕೊನೆಯಲ್ಲಿ ಬದು ಕಟ್ಟಿರುತ್ತಾರೆ. ನೀರು ಅಲ್ಲೇ ನಿಂತು ಪಾಚಿ ಕಟ್ಟುತ್ತದೆ.

ಎಲೆತೋಟದವರಿಗೆ ಇನ್ನೊಂದು ಮಾತು. ವರ್ಷಕ್ಕೊಮ್ಮೆ ಬಳ್ಳಿ ಇಳಿಸಿ, ಹಳೇ ಹಂಬನ್ನು ಸುತ್ತಿ ಮಣ್ಣಿನಲ್ಲಿ ಹೂಳುತ್ತೇವಲ್ಲ, ಆಗ ಹಂಬು ಸೀಳುತ್ತದೆ, ಗಾಯ ಆಗುತ್ತದೆ. ಆ ಗಾಯದ ಮೇಲೆ ಒದ್ದೆ ಮಣ್ಣು ಬಿದ್ದರೆ ರೋಗಕ್ಕೆ ಬಾಗಿಲು ತೆರೆದಂತೆ. ಬಳ್ಳಿ ಇಳಿಸುವ ಕೆಲಸವನ್ನು ಮಳೆ ಹಿಡಿದ ದಿನಗಳಲ್ಲಿ ಇಟ್ಟುಕೊಳ್ಳಬೇಡಿ. ಇಳಿಸಿದ ಕೂಡಲೇ ಕಾಲುವೆ ತುಂಬಾ ನೀರು ಬಿಡುವುದೂ ಬೇಡ. ರೋಗದ ಸಾಲಿನಲ್ಲಿ ಕೆಲಸ ಮಾಡಿದ ಗುದ್ದಲಿ, ಕುಡುಗೋಲು, ಕಾಲಿನ ಕೆಸರು ತೊಳೆದುಕೊಂಡೇ ಒಳ್ಳೆಯ ಸಾಲಿಗೆ ಕಾಲಿಡಿ.

ಇನ್ನು ಔಷಧಿ. ಬಳ್ಳಿ ಬಾಡಿದೆ ಅಂತ ಅಂಗಡಿಗೆ ಹೋದರೆ ಹೆಚ್ಚಿನ ಸಲ ಕೈಗೆ ಬರುವುದು ಕಾರ್ಬೆಂಡಜಿಮ್, ಇಲ್ಲವೇ ಹೆಕ್ಸಾಕೊನಜೋಲ್. ನಿಜವಾದ ಶಿಲೀಂಧ್ರಗಳ ಮೇಲೆ ಇವು ಒಳ್ಳೆಯ ಔಷಧಿಗಳೇ. ಆದರೆ ಫೈಟಾಫ್ತೊರಾ ಶಿಲೀಂಧ್ರ ಅಲ್ಲ ಅಂದೆನಲ್ಲ, ಅದು ಇಲ್ಲಿ ಮುಖ್ಯವಾಗುತ್ತದೆ. ಹೆಕ್ಸಾಕೊನಜೋಲ್ ಜಾತಿಯ ಔಷಧಿಗಳು ಶಿಲೀಂಧ್ರದ ಮೈಯಲ್ಲಿ ಎರ್ಗೊಸ್ಟೆರಾಲ್ ಅನ್ನುವ ವಸ್ತು ತಯಾರಾಗದಂತೆ ತಡೆದು ಕೊಲ್ಲುತ್ತವೆ. ಫೈಟಾಫ್ತೊರಾ ಆ ವಸ್ತುವನ್ನು ತಯಾರಿಸುವುದೇ ಇಲ್ಲ. ಇಲ್ಲದ್ದನ್ನು ತಡೆದು ಏನು ಉಪಯೋಗ? ಕಾರ್ಬೆಂಡಜಿಮ್ ಕೂಡ ಇದರ ಮೇಲೆ ಕೆಲಸ ಮಾಡದು. ರೈತರ ದುಡ್ಡು ಹೀಗೆ ಮಣ್ಣಿಗೆ ಸುರಿದು ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇದಕ್ಕೆ ತಾಗುವವು ಬೇರೆ. ಮೆಟಲಾಕ್ಸಿಲ್ ಒಂದು. ಪೊಟ್ಯಾಸಿಯಂ ಫಾಸ್ಫೊನೇಟ್ ಇನ್ನೊಂದು, ಇದನ್ನು ಮೆಣಸಿನಲ್ಲಿ ಬಳಸುತ್ತಾರೆ. ಎಲೆಗೆ ಸಿಂಪಡಿಸಿದರೂ ಅದು ಗಿಡದೊಳಗೆ ಕೆಳಗೆ ಇಳಿದು ಬೇರಿಗೆ ಹೋಗುತ್ತದೆ, ಗಿಡದ ಸ್ವಂತ ರಕ್ಷಣೆಯನ್ನೂ ಎಬ್ಬಿಸುತ್ತದೆ. ಮೂರನೆಯದು ತಾಮ್ರ, ಅಂದರೆ ನಮ್ಮ ಹಳೆಯ ಬೋರ್ಡೋ ದ್ರಾವಣ. 1885ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿಗಾಗಿ ಹುಟ್ಟಿದ್ದು ಇದು. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಕಟ್ಟಿದ ಲೆಸ್ಲಿ ಕೋಲ್ಮನ್ ಅವರು ಅಡಿಕೆ ಕೊಳೆಯನ್ನು ಅಭ್ಯಾಸ ಮಾಡಿ, 1910ರ ಸುಮಾರಿಗೆ ಇದನ್ನು ನಮ್ಮ ಅಡಿಕೆ ತೋಟಗಳಿಗೆ ತಂದರು. ನೂರು ವರ್ಷ ದಾಟಿದರೂ ಇವತ್ತಿಗೂ ಅದೇ ದ್ರಾವಣ ಹೊಡೆಯುತ್ತಿದ್ದೇವೆ.

ಶೇ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ನಿಧಾನವಾಗಿ ಸುರಿಯಬೇಕು. ಕಬ್ಬಿಣದ ಪಾತ್ರೆ ಬೇಡ. ಸಿದ್ಧವಾದ ಮೇಲೆ ತಿಕ್ಕಿ ಹೊಳೆಯುವ ಕುಡುಗೋಲನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಬಿಡುಬೀಸಾಗಿ ಉಳಿದಿದೆ, ಗಿಡ ಸುಡುತ್ತದೆ ಅಂತ ಅರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ನೋಡಿ. ಮಾಡಿದ ದಿನವೇ ಬಳಸಿ, ನಾಳೆಗೆ ಇಡಬೇಡಿ. ಅಡಿಕೆಗೆ, ಮೆಣಸಿಗೆ ಈ ಪ್ರಮಾಣ ನಡೆಯುತ್ತದೆ. ಎಲೆಬಳ್ಳಿಯ ವಿಷಯ ಬೇರೆ. ವೀಳ್ಯದೆಲೆ ಹಸಿಯಾಗಿ ಬಾಯಿಗೆ ಹೋಗುವ ವಸ್ತು, ಅಲ್ವಾ? ಅದಕ್ಕೆ ಯಾವುದನ್ನು ಎಷ್ಟು ತೆಳುವಾಗಿ ಬುಡಕ್ಕೆ ಹಾಕಬಹುದು, ಹಾಕಿದ ಮೇಲೆ ಎಷ್ಟು ದಿನ ಎಲೆ ಕೊಯ್ಯಬಾರದು ಅನ್ನುವುದನ್ನು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ಹಿರಿಯೂರಿನ ಬಬ್ಬೂರು ಫಾರ್ಮಿನ ಸಂಶೋಧನಾ ಕೇಂದ್ರದಲ್ಲೋ ಕೇಳಿಯೇ ಮಾಡಿ. ಹೋಗುವಾಗ ಈಗಷ್ಟೇ ಬಾಡಿದ ಬಳ್ಳಿಯ ಬೇರನ್ನು ಮಣ್ಣಿನ ಸಮೇತ ಕವರಿನಲ್ಲಿ ಹಾಕಿಕೊಂಡು ಹೋಗಿ. ಫೋಟೋದಲ್ಲಿ ಬೇರು ಕಾಣುವುದಿಲ್ಲ.

ಟ್ರೈಕೋಡರ್ಮಾ ಬಗ್ಗೆ ಎಲ್ಲರೂ ಕೇಳಿರುತ್ತೀರಿ. ಅದು ಒಳ್ಳೆಯ ಶಿಲೀಂಧ್ರ, ಬೇರಿನ ಸುತ್ತ ಜಾಗ ಹಿಡಿದು ಕೊಳೆಯ ಜೀವಿಗೆ ಎಡೆ ಕೊಡುವುದಿಲ್ಲ. ಒಣ ಪುಡಿಯನ್ನು ಹಾಗೇ ಎರಚಿದರೆ ಹೆಚ್ಚು ಫಲ ಇಲ್ಲ. 90 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 10 ಕಿಲೋ ಬೇವಿನ ಹಿಂಡಿ, 1 ಕಿಲೋ ಟ್ರೈಕೋಡರ್ಮಾ ಬೆರೆಸಿ, ನೆರಳಿನಲ್ಲಿ ತೇವ ಆರದಂತೆ ಎರಡು ವಾರ ಇಟ್ಟು ಆಮೇಲೆ ಬುಡಕ್ಕೆ ಹಾಕಬೇಕು. ತಾಮ್ರದ ದ್ರಾವಣ ಸುರಿದ ಮರುದಿನ ಇದನ್ನು ಹಾಕಿದರೆ ತಾಮ್ರ ಇದನ್ನೂ ಕೊಲ್ಲುತ್ತದೆ. ನಡುವೆ ಎರಡು ಮೂರು ವಾರ ಬಿಡಿ. ಇದು ರೋಗ ಬರುವ ಮುಂಚೆ ಕಾಯುವ ಕಾವಲು. ಕೊಳೆತ ಬೇರನ್ನು ಮತ್ತೆ ಚಿಗುರಿಸುವ ಶಕ್ತಿ ಇದಕ್ಕಿಲ್ಲ, ಯಾವ ಔಷಧಿಗೂ ಇಲ್ಲ.

ಚಿತ್ರದುರ್ಗದ ಕಡೆಯವರು, ಅದರಲ್ಲೂ ಹಿರಿಯೂರು, ಹೊಸದುರ್ಗದ ದಾಳಿಂಬೆ ಬೆಳೆಗಾರರು, ನಮ್ಮ ಗಿಡವೂ ಹೀಗೇ ಬಾಡುತ್ತದಲ್ಲ ಅನ್ನಬಹುದು. ಮೇಲಿನಿಂದ ಹಾಗೇ ಕಾಣುತ್ತದೆ. ಆದರೆ ದಾಳಿಂಬೆಯ ಸೊರಗಿಗೆ ಮುಖ್ಯ ಕಾರಣ ಸೆರಟೊಸಿಸ್ಟಿಸ್ ಅನ್ನುವ ನಿಜವಾದ ಶಿಲೀಂಧ್ರ. ಅದು ನೀರು ಮೇಲೇರುವ ನಾಳಗಳನ್ನು ಹಿಡಿಯುತ್ತದೆ. ಮೊದಲು ಒಂದು ಕೊಂಬೆ ಹಳದಿಯಾಗುತ್ತದೆ, ಆಮೇಲೆ ಇಡೀ ಗಿಡ. ಬೇರನ್ನೋ ಕಾಂಡದ ಬುಡವನ್ನೋ ಅಡ್ಡ ಕತ್ತರಿಸಿದರೆ ಒಳಗಿನ ಕಟ್ಟಿಗೆಯಲ್ಲಿ ಕಪ್ಪು ಕಂದು ಬಣ್ಣ ಕಾಣುತ್ತದೆ. ಬೇರುಗಂಟು ಮಾಡುವ ಜಂತುಹುಳ ಮಾಡಿದ ಗಾಯ, ಕಾಂಡ ಕೊರೆಯುವ ಸಣ್ಣ ದುಂಬಿ ಮಾಡಿದ ತೂತು, ಇವೆಲ್ಲ ಅದಕ್ಕೆ ದಾರಿ. ಅಲ್ಲಿ ಹೆಕ್ಸಾಕೊನಜೋಲಿನ ಬಳಗದ ಔಷಧಿಗಳಿಗೆ ಅರ್ಥ ಇದೆ, ಮೆಟಲಾಕ್ಸಿಲ್‌ಗೆ ಇಲ್ಲ. ಎಲೆಬಳ್ಳಿಗೆ ಹೇಳಿದ್ದು ಪೂರ್ತಿ ತಿರುಗುಮುರುಗು.

ಆದರೂ ಆ ಕಡೆಗೆ ನೀರು ನಿಲ್ಲುವ ತೊಂದರೆ ಇಲ್ಲ ಅಂತ ಹೇಳಲಾಗದು. ನೀರಿಗಾಗಿ ಬೋರ್ ಕೊರೆಸಿ ಕೊರೆಸಿ ಸೋತ ನಾಡು ಅದು. ಅಂಥ ಕಡೆ ನೀರು ಜಾಸ್ತಿ ಆಯಿತು ಅನ್ನುವ ಮಾತೇ ನಾಲಿಗೆಗೆ ಬರುವುದಿಲ್ಲ. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಅಂಥ ಮಳೆಯ ವರ್ಷದಲ್ಲಿ ಹಳೇ ಅಭ್ಯಾಸದಂತೆ ಡ್ರಿಪ್ಪನ್ನು ಎಂದಿನ ಗಂಟೆಗೆ ಹಾಕುತ್ತಾ ಹೋದರೆ ಬೇರು ತಡೆಯುವುದಿಲ್ಲ. ಮಣ್ಣನ್ನು ಹಿಡಿಯಲ್ಲಿ ಹಿಚುಕಿ ನೋಡಿ. ನೀರು ಬೆರಳಸಂದಿಯಲ್ಲಿ ಜಿನುಗಿದರೆ ಆವತ್ತು ಮೋಟಾರ್ ಹಾಕುವುದು ಬೇಡ.

ಸತ್ತ ಬಳ್ಳಿಯ ಜಾಗದಲ್ಲಿ ಕೂಡಲೇ ಹೊಸದು ನೆಡುವ ಆಸೆ ಎಲ್ಲರಿಗೂ ಇರುತ್ತದೆ. ಸಾಲಿನಲ್ಲಿ ಖಾಲಿ ಜಾಗ ಕಣ್ಣಿಗೆ ಚುಚ್ಚುತ್ತದೆ. ಆದರೆ ಆ ಗುಂಡಿಯಲ್ಲಿ ದಪ್ಪ ಗೋಡೆಯ ಬೀಜಗಳು ಕಾದು ಕೂತಿವೆ. ಬಳ್ಳಿಯನ್ನು ಬೇರಿನ ಸಮೇತ ತೆಗೆದು ತೋಟದ ಹೊರಗೆ ಸುಡಿ, ಬದುವಿನ ಮೇಲೆ ಎಸೆಯಬೇಡಿ. ಗುಂಡಿಗೆ ಬೋರ್ಡೋ ಸುರಿದು, ಬೇಸಿಗೆಯ ಬಿಸಿಲಿಗೆ ತೆರೆದು ಬಿಡಿ. ಬಸಿಗಾಲುವೆ ಸರಿ ಮಾಡಿದ ಮೇಲೆ, ಟ್ರೈಕೋಡರ್ಮಾ ಬೆರೆಸಿದ ಗೊಬ್ಬರ ಹಾಕಿ, ಸುತ್ತಲಿನ ನೆಲಕ್ಕಿಂತ ಎತ್ತರಕ್ಕೆ ಮಣ್ಣು ಏರಿಸಿ ನೆಡಿ. ಹಂಬನ್ನು ರೋಗ ಬಂದ ತೋಟದಿಂದ ತರಬೇಡಿ, ಅದು ನೆಂಟರ ತೋಟವಾದರೂ ಸರಿ. ಕೊಡುವವರ ತೋಟಕ್ಕೆ ಮಳೆಗಾಲದಲ್ಲಿ ಒಮ್ಮೆ ಹೋಗಿ, ತಗ್ಗಿನ ಸಾಲುಗಳನ್ನು ನಡೆದು ನೋಡಿ, ಆಮೇಲೆ ಹಂಬು ಕೇಳಿ.